ಬೆಟ್ಟ ಹತ್ತಲು ಚೀಟಿ ಬೇಕೇ?

2024ರ ಜನವರಿ ಕೊನೆಯಲ್ಲಿ ಗಣರಾಜ್ಯೋತ್ಸವದ ರಜೆಯ ಜೊತೆಗೆ ಶನಿವಾರ, ಭಾನುವಾರಗಳೂ ಕೂಡಿ ಬಂದವು. ಕುಕ್ಕೆ ಸುಬ್ರಹ್ಮಣ್ಯದ ಮೇಲಿನ ಕುಮಾರಪರ್ವತದ ದಾರಿಯಲ್ಲಿ ಚಾರಣಿಗರು ಒಬ್ಬರ ಬೆನ್ನಿಗೆ ಒಬ್ಬರು ತಾಗಿ ನಿಂತಿದ್ದ ವಿಡಿಯೊ ನಾಡಿನ ಮೊಬೈಲುಗಳನ್ನೆಲ್ಲ ಸುತ್ತಿತು. ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕುಮಾರಪರ್ವತ ಮತ್ತೆ ತೆರೆಯುವ ಹೊತ್ತಿಗೆ ನಿಯಮಗಳು ಬೇರೆಯಾಗಿದ್ದವು. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಚೀಟಿ ಪಡೆಯಬೇಕು, ಒಂದು ಪಥದಲ್ಲಿ ದಿನಕ್ಕೆ 300 ಜನರಿಗಷ್ಟೇ ಅವಕಾಶ, ಬ್ಯಾಗಿನಲ್ಲಿ ಪ್ಲಾಸ್ಟಿಕ್ ಇದೆಯೇ ಎಂದು ಗೇಟಿನಲ್ಲಿ ನೋಡುತ್ತಾರೆ.

ಅಲ್ಲಿಂದೀಚೆಗೆ ಬೆಟ್ಟ ಹತ್ತುವವರ ನಡುವೆ ವಾದ ನಿಂತಿಲ್ಲ. ನಮ್ಮ ನಾಡಿನ ಬೆಟ್ಟಕ್ಕೆ ನಾವೇ ದುಡ್ಡು ಕಟ್ಟಬೇಕೇ ಎಂದು ಕೇಳುವವರಿದ್ದಾರೆ. ಇಷ್ಟೆಲ್ಲ ಕಟ್ಟುಪಾಡು ದಾಟಿ ಹೋಗುವಂಥದ್ದು ಅಲ್ಲೇನಿದೆ ಎನ್ನುವವರಿದ್ದಾರೆ. 300 ಕೂಡ ಹೆಚ್ಚಾಯಿತು, ಗೇಟನ್ನೇ ಮುಚ್ಚಿಬಿಡಿ ಎನ್ನುವವರೂ ಇದ್ದಾರೆ. ಈ ಮೂರು ಮಾತಿನಲ್ಲೂ ಒಂದಿಷ್ಟು ನ್ಯಾಯವಿದೆ. ಆದರೆ ನಮ್ಮ ಬೆಟ್ಟಗಳನ್ನೂ ಹೊರಗಿನ ಕೆಲವು ಜಾಗಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಸ್ಪಷ್ಟವಾಗುವುದು ಇಷ್ಟು: ಮಿತಿ ಬೇಕೇ ಬೇಕು, ಆದರೆ ಅದು ತಲೆ ಎಣಿಸುವ ಮಿತಿಯಾಗಬೇಕು, ಜೇಬು ನೋಡುವ ಮಿತಿಯಾಗಬಾರದು.

ಮೊದಲು, ಅಲ್ಲೇನಿದೆ ಎಂಬ ಪ್ರಶ್ನೆ. ಕುಮಾರಪರ್ವತ 1,712 ಮೀಟರ್ ಎತ್ತರದ ಶಿಖರ. ಕುಕ್ಕೆಯಿಂದ ಹೊರಟರೆ ಹೆಚ್ಚುಕಡಿಮೆ 1,600 ಮೀಟರ್ ಏರಬೇಕು. ಕರಾವಳಿಗೆ ಹತ್ತಿರದ ತಪ್ಪಲಿನಿಂದ ಇಷ್ಟು ಏರನ್ನು ಒಂದೇ ಉಸಿರಿಗೆ ಕೇಳುವ ದಾರಿಗಳು ನಮ್ಮಲ್ಲಿ ಕಡಿಮೆ. ದಟ್ಟ ಕಾಡು, ಗಿರಿಗದ್ದೆಯ ಭಟ್ಟರ ಮನೆ, ಆಮೇಲೆ ನೆರಳಿಲ್ಲದ ಹುಲ್ಲಿನ ಬೋರೆ, ಕಲ್ಲು ಮಂಟಪ, ಶೇಷಪರ್ವತ, ಮತ್ತೆ ಒಂದಿಷ್ಟು ಕಾಡು, ಕೊನೆಗೆ ಬಂಡೆಯೇರಿ ತುದಿ. ಸೋಮವಾರಪೇಟೆ ಕಡೆಯ ಬೀದಹಳ್ಳಿಯಿಂದ ಹತ್ತಿದರೆ ಹಾದಿ ಚಿಕ್ಕದು. ಆದರೆ ಕಾಡು ಬದಲಾಗುತ್ತ ಹೋಗುವುದನ್ನು ಕಾಲ ಕೆಳಗೇ ನೋಡಬೇಕೆಂದರೆ ಕುಕ್ಕೆಯ ಹಾದಿಯೇ ಸರಿ.

ಆ ಹುಲ್ಲುಗಾವಲನ್ನು ಬೋಳು ಬೆಟ್ಟ ಎಂದುಕೊಳ್ಳುವವರು ಬಹಳ. ವಾಸ್ತವದಲ್ಲಿ ಘಟ್ಟದ ತುದಿಯ ಹುಲ್ಲು, ಅದರ ಮಡಿಲಿನ ಕಣಿವೆಗಳಲ್ಲಿ ಗುಂಪುಗಟ್ಟಿ ನಿಂತ ಶೋಲಾ ಕಾಡು, ಇವೆರಡೂ ಸೇರಿ ಒಂದೇ ವ್ಯವಸ್ಥೆ. ಮಳೆಗಾಲದಲ್ಲಿ ಸುರಿದ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುದು ಅದೇ. ಕುಮಾರಧಾರಾ ಹುಟ್ಟುವುದು ಈ ಬೆಟ್ಟದಲ್ಲಿ. ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅದು ಸಮುದ್ರದ ಕಡೆಗೆ ಹೋಗುತ್ತದೆ. ಇಂಥದೇ ಹುಲ್ಲು, ಶೋಲಾ ಇರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಂಗಾಮೂಲದಲ್ಲಿ ತುಂಗೆಯೂ ಭದ್ರೆಯೂ ಹುಟ್ಟುತ್ತವೆ. ಯುನೆಸ್ಕೊ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ನಮ್ಮ ರಾಜ್ಯದವು ಹತ್ತು. ಕುಮಾರಪರ್ವತವಿರುವ ಪುಷ್ಪಗಿರಿ ವನ್ಯಧಾಮ ಮತ್ತು ಕುದುರೆಮುಖ ಎರಡೂ ಆ ಹತ್ತರಲ್ಲಿವೆ.

ಇಂಥ ಹುಲ್ಲಿನ ಮೇಲೆ ಸಾವಿರ ಜೋಡಿ ಬೂಟು ಒಂದೇ ದಿನ ನಡೆದರೆ ಏನಾಗುತ್ತದೆ ಎಂಬುದು ಯಾರ ಕಣ್ಣಿಗೂ ಕಾಣುವಂಥದ್ದು. ತುಳಿತಕ್ಕೆ ಹುಲ್ಲಿನ ಬೇರು ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಜೂನಿನ ಮಳೆ ಆ ಜಾಗವನ್ನು ಕೊರಕಲು ಮಾಡುತ್ತದೆ. ಮರುವರ್ಷ ಬಂದವರು ಕೊರಕಲು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಒಂದು ಕಾಲುದಾರಿ ಮೂರಾಗುತ್ತದೆ, ಮೂರೂ ಸೇರಿ ಹಳ್ಳವಾಗುತ್ತವೆ. ಚಾಕೊಲೇಟ್ ಕಾಗದವನ್ನು ಹೆಕ್ಕಿ ತರಬಹುದು. ತೊಳೆದುಹೋದ ಮೇಲ್ಮಣ್ಣನ್ನು ಯಾರೂ ಹೊತ್ತು ತಂದು ಹಾಕಲಾರರು. ನನ್ನ ಮಟ್ಟಿಗೆ ಜನಮಿತಿಗೆ ಇದೊಂದೇ ಕಾರಣ ಸಾಕು.

ಇನ್ನು ಖರ್ಚು. ಬೆಂಗಳೂರಿನಿಂದ ಹೊರಟವರ ಲೆಕ್ಕದಲ್ಲಿ ಅರಣ್ಯ ಇಲಾಖೆಯ ಚೀಟಿ ಸಣ್ಣ ಬಾಬತ್ತು. ರಾತ್ರಿ ಬಸ್ಸು ಅಥವಾ ಬಾಡಿಗೆ ಟೆಂಪೊ ಟ್ರಾವೆಲರ್, ಹೋಂಸ್ಟೇ, ಎರಡು ಹೊತ್ತಿನ ಊಟ, ಕುದುರೆಮುಖಕ್ಕಾದರೆ ಚಾರಣ ಶುರುವಾಗುವ ಮುಳ್ಳೋಡಿಗೆ ಹೋಗಿಬರುವ ಜೀಪು, ಇವುಗಳಿಗೇ ದುಡ್ಡು ಹೋಗುವುದು. ಟ್ರೆಕ್ಕಿಂಗ್ ಕಂಪನಿಯ ಪ್ಯಾಕೇಜಿನಲ್ಲಿ ಹೋದರೆ ಇದೆಲ್ಲ ಒಂದೇ ಮೊತ್ತವಾಗಿ ಕಾಣುತ್ತದೆ, ಬೈಗುಳ ಮಾತ್ರ ಇಲಾಖೆಗೆ ಬೀಳುತ್ತದೆ. ಹಾಗಿದ್ದರೂ ಸಣ್ಣ ಶುಲ್ಕ ಯಾರಿಗೂ ಭಾರವಲ್ಲ ಎಂದು ನಾನು ಹೇಳಲಾರೆ. ಸುಬ್ರಹ್ಮಣ್ಯ, ಕಳಸ, ಮೂಡಿಗೆರೆ ಕಡೆಯ ಹುಡುಗರು ಬುತ್ತಿ ಕಟ್ಟಿಕೊಂಡು, ಬಸ್ ಚಾರ್ಜ್ ಕೂಡ ಇಲ್ಲದೆ ಹತ್ತುತ್ತಿದ್ದ ಬೆಟ್ಟಗಳಿವು. ಅವರ ಪಾಲಿಗೆ ಚೀಟಿಯೇ ಇಡೀ ಖರ್ಚು. ಊರಿನವರಿಗೂ ಸರಕಾರಿ ಶಾಲೆ, ಕಾಲೇಜಿನ ಮಕ್ಕಳಿಗೂ ಶುಲ್ಕವಿಲ್ಲದ ಒಂದು ಪಾಲನ್ನು ಆ 300ರೊಳಗೇ ಎತ್ತಿಡಬೇಕು.

ಕುದುರೆಮುಖದ ಮಾತು ಬಂದಾಗ ಅದರ ಹಿಂದಿನ ಕಥೆಯನ್ನು ಮರೆಯುವಂತಿಲ್ಲ. ದಶಕಗಳ ಕಾಲ ಅಲ್ಲಿ ಕಬ್ಬಿಣದ ಅದಿರು ತೆಗೆದರು. ಪರಿಸರ ಹೋರಾಟಗಾರರು ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇಂದು ಅಲ್ಲಿ ಹಸಿರು ಬೋರೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ನಮಗೆ ಆ ಹುಲ್ಲು ಸುಮ್ಮನೆ ಸಿಕ್ಕದ್ದಲ್ಲ. ಗಣಿ ಕಂಪನಿಯನ್ನು ಹೊರಗಿಟ್ಟ ಬೆಟ್ಟ ನಮಗೂ ಒಂದು ಮಿತಿ ಹೇಳಿದರೆ ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ.

ಈಗ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಗೆ ಬರೋಣ. ಇಲ್ಲಿ ಕಷ್ಟ ಬೇರೆ ಬಗೆಯದು. ಕಾರು ಹೆಚ್ಚುಕಡಿಮೆ ತುದಿಯವರೆಗೆ ಹೋಗುತ್ತದೆ, ಆಮೇಲೆ ಮೆಟ್ಟಿಲು. ಕಡಿದಾದ ಇಕ್ಕಟ್ಟಿನ ರಸ್ತೆಯಲ್ಲಿ ಒಂದು ವಾಹನ ನಿಂತರೆ ಸಾಕು, ಚಿಕ್ಕಮಗಳೂರಿನಿಂದ ಬಂದ ಸಾಲೆಲ್ಲ ನಿಲ್ಲುತ್ತದೆ. 2025ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ಆನ್‌ಲೈನ್ ನೋಂದಣಿ ತಂದು, ದಿನಕ್ಕೆ 1,200 ವಾಹನಗಳ ಮಿತಿ ಹಾಕಿತು: ಬೆಳಗಿನ ಪಾಳಿಗೆ 600, ಮಧ್ಯಾಹ್ನದ ಪಾಳಿಗೆ 600. ಒಳ್ಳೆಯ ಹೆಜ್ಜೆಯೇ. ಆದರೆ ಲೆಕ್ಕ ಹಾಕಿ ನೋಡಿ. ವಾಹನಕ್ಕೆ ನಾಲ್ಕು ಜನ ಎಂದರೂ ದಿನಕ್ಕೆ 4,800 ಜನ ಆಯಿತು. ಕುಮಾರಪರ್ವತದ ಒಂದು ಪಥದಲ್ಲಿ 300, ಇಲ್ಲಿ ಅದರ ಹದಿನಾರು ಪಟ್ಟು. ಇದು ಬೆಟ್ಟ ತಾಳುವ ಲೆಕ್ಕವೋ, ರಸ್ತೆ ತಾಳುವ ಲೆಕ್ಕವೋ? ಪಕ್ಕದ ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2024ರ ಮೇ ತಿಂಗಳಿನಿಂದ ಊಟಿ, ಕೊಡೈಕೆನಾಲ್‌ಗಳಿಗೆ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ಊಟಿಗೆ ವಾರದ ದಿನ 6,000, ವಾರಾಂತ್ಯಕ್ಕೆ 8,000 ವಾಹನಗಳ ಮಿತಿಯೂ ಬಂತು. ಊಟಿ ಒಂದು ಪಟ್ಟಣ, ಅಲ್ಲಿಗೆ ಆ ಎಣಿಕೆ ಒಪ್ಪಬಹುದು. ಮುಳ್ಳಯ್ಯನಗಿರಿ ಬರಿಯ ಶಿಖರ. ಅದರ ಅಕ್ಕಪಕ್ಕದ ಇಳಿಜಾರಿನಲ್ಲೇ 2022ರಲ್ಲಿ ಕುರಿಂಜಿ ಹೂ ಅರಳಿತ್ತು. ಆಗ ಗಿಡದ ನಡುವೆ ನುಗ್ಗಿ ಕೈತುಂಬ ಕಿತ್ತುಕೊಂಡು ಹೋದವರನ್ನು ಕಂಡು ಊರವರು ನೊಂದುಕೊಂಡಿದ್ದರು. ಕೆಳಗಿನ ಚೆಕ್‌ಪೋಸ್ಟಿನಲ್ಲೇ ಖಾಸಗಿ ವಾಹನ ನಿಲ್ಲಿಸಿ, ಅಲ್ಲಿಂದ ಮೇಲಕ್ಕೆ ಸರಕಾರಿ ಮಿನಿ ಬಸ್ಸು ಓಡಿಸಬೇಕು. ವಾಹನಗಳ ಮಿತಿಗಿಂತ ಅದು ಹೆಚ್ಚಿನ ಕೆಲಸ ಮಾಡೀತು. ಅಲ್ಲಿಯವರೆಗೆ ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವುದು ಸಾರ್ಥಕವೇ ಎಂದು ಕೇಳಿದರೆ, ಇಲ್ಲ ಎಂದೇ ನನ್ನ ಉತ್ತರ.

ಮಿತಿ ಹಾಕುವುದಕ್ಕೆ ಲೋಕದಲ್ಲಿ ಎರಡು ದಾರಿಗಳಿವೆ, ದರ ಏರಿಸುವುದು ಒಂದು, ಎಣಿಸಿ ಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಎವರೆಸ್ಟ್ ನೋಡಿ. ನೇಪಾಳದ ಕಡೆಯಿಂದ ವಸಂತದಲ್ಲಿ ಹತ್ತುವ ವಿದೇಶಿಯರ ಪರವಾನಗಿ ಶುಲ್ಕ ವರ್ಷಗಟ್ಟಲೆ 11,000 ಡಾಲರ್ ಇತ್ತು. 2025ರ ಸೆಪ್ಟೆಂಬರಿನಿಂದ 15,000 ಆಯಿತು. ಆ 11,000 ಡಾಲರಿನ ಕಾಲದಲ್ಲೇ, 2019ರ ಮೇ ತಿಂಗಳಲ್ಲಿ, ತುದಿಯ ಕೆಳಗಿನ ಹಿಮದ ಏಣಿನ ಮೇಲೆ ಚಾರಣಿಗರು ಸಾಲುಗಟ್ಟಿ ನಿಂತ ಚಿತ್ರ ಲೋಕವನ್ನೆಲ್ಲ ಬೆರಗುಗೊಳಿಸಿತು. 2023ರ ವಸಂತದಲ್ಲಿ ನೇಪಾಳ ಕೊಟ್ಟ ಪರವಾನಗಿ 470ಕ್ಕೂ ಹೆಚ್ಚು, ಅದು ಆವರೆಗಿನ ದಾಖಲೆ. ಅಷ್ಟು ದುಬಾರಿ ಬೆಟ್ಟದ ಮೇಲೂ ಸಾಲು ಕರಗಲಿಲ್ಲ. ದರ ಏರಿದಷ್ಟೂ ಹೋಗುವವರು ಯಾರು ಎಂಬುದು ಬದಲಾಗುತ್ತದೆ, ಎಷ್ಟು ಜನ ಎಂಬುದು ಅಷ್ಟಾಗಿ ಬದಲಾಗುವುದಿಲ್ಲ.

ಎರಡನೆಯ ದಾರಿಯ ಒಳ್ಳೆಯ ಉದಾಹರಣೆ ಅಮೆರಿಕದ ಅರಿಝೋನದಲ್ಲಿದೆ. ಅಲೆಯಂತೆ ಬಳುಕಿದ ಮರಳುಗಲ್ಲಿನ ಒಂದು ಜಾಗವನ್ನು ‘ದಿ ವೇವ್’ ಎನ್ನುತ್ತಾರೆ. ಆ ಕಲ್ಲಿನ ಅಂಚುಗಳು ಕಾಲ್ತುಳಿತಕ್ಕೆ ಮುರಿಯುವಷ್ಟು ನಾಜೂಕು. ಅಲ್ಲಿಗೆ ದಿನಕ್ಕೆ 64 ಜನ ಮಾತ್ರ, ಅದೂ ಲಾಟರಿ ಎತ್ತಿ. ಅರ್ಜಿಯ ಶುಲ್ಕ ಕೆಲವೇ ಡಾಲರ್. ಕೋಟ್ಯಧೀಶನಾದರೂ ಹೆಸರು ಬಾರದಿದ್ದರೆ ಒಳಗೆ ಹೋಗುವಂತಿಲ್ಲ. ನಮ್ಮಲ್ಲಿ ಚೀಟಿ ಮೊದಲು ಬಂದವರಿಗೆ ಮೊದಲು ಎಂಬಂತೆ ಹಂಚಿಕೆಯಾಗುತ್ತದೆ. ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಶನಿವಾರದ ಚೀಟಿಗಳು ಮುಗಿದುಹೋಗುತ್ತವೆ, ದೊಡ್ಡ ಗುಂಪುಗಳವರು ಅವನ್ನು ಮೊದಲೇ ಹಿಡಿದಿಟ್ಟುಕೊಳ್ಳುತ್ತಾರೆ ಎಂಬ ದೂರು ಚಾರಣಿಗರ ಬಾಯಲ್ಲಿ ಸದಾ ಇದೆ. ವೇಗದ ಇಂಟರ್‌ನೆಟ್ ಇದ್ದವರಿಗೆ ಬೆಟ್ಟ, ಇಲ್ಲದವರಿಗೆ ಇಲ್ಲ ಎಂದಾಗಬಾರದು. ರಜೆಯ ದಿನಗಳಿಗಾದರೂ ಲಾಟರಿ ಬರಲಿ.

ಕಟ್ಟಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ದೊಡ್ಡ ಮಾತು. ಈಕ್ವೆಡಾರ್‌ನ ಗಲಾಪಗೋಸ್ ದ್ವೀಪಗಳಲ್ಲಿ ವಿದೇಶಿಯರ ಪ್ರವೇಶ ಶುಲ್ಕ 2024ರ ಆಗಸ್ಟ್ 1ರಿಂದ 100 ಡಾಲರಿನಿಂದ 200ಕ್ಕೆ ಏರಿತು. ಉದ್ಯಾನದ ತಾಣಗಳಿಗೆ ಪರವಾನಗಿ ಪಡೆದ ಗೈಡ್ ಜೊತೆಗೇ ಹೋಗಬೇಕು, ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕು. ಆ ದರ ಜಾಸ್ತಿಯೇ. ಆದರೆ ಬಂದ ಹಣದಲ್ಲಿ ಉದ್ಯಾನಕ್ಕೆಷ್ಟು, ಅಲ್ಲಿನ ಸ್ಥಳೀಯ ಸಂಸ್ಥೆಗಳಿಗೆಷ್ಟು ಎಂಬ ಪಾಲು 1998ರ ವಿಶೇಷ ಕಾನೂನಿನ ಕಾಲದಿಂದ ಗೊತ್ತುಮಾಡಿಟ್ಟದ್ದು. ನಮ್ಮಲ್ಲಿ ಚೀಟಿ ಕೊಂಡವನಿಗೆ ತನ್ನ ರೂಪಾಯಿ ಬೆಂಕಿರೇಖೆ ಕಡಿಯುವವರ ಕೂಲಿಯಾಯಿತೋ, ಗೈಡ್ ಆದ ಊರ ಹುಡುಗನಿಗೆ ಸೇರಿತೋ, ಬೆಂಗಳೂರಿನ ಖಜಾನೆಯಲ್ಲಿ ಕರಗಿತೋ ಎಂದು ಗೇಟಿನಲ್ಲಿ ನಿಂತು ತಿಳಿಯಲು ದಾರಿಯಿಲ್ಲ. ಬೇಸಿಗೆಯಲ್ಲಿ ಪಥ ಮುಚ್ಚುವುದಕ್ಕೆ ಕಾಳ್ಗಿಚ್ಚು ಮುಖ್ಯ ಕಾರಣ. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. ಚಾರಣಿಗರ ದುಡ್ಡು ಅಂಥವರ ರಕ್ಷಣೆಯ ಉಡುಪಿಗೆ, ವಿಮೆಗೆ ಹೋಗುತ್ತದೆ ಎಂದು ಬರೆದು ತೋರಿಸಿದರೆ ಶುಲ್ಕದ ವಿರುದ್ಧ ದನಿ ಎತ್ತುವವರು ತೀರ ಕಡಿಮೆಯಾಗುತ್ತಾರೆ.

ಮುಚ್ಚಿದರೆ ಫಲವಿದೆಯೇ? ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು 2018ರಲ್ಲಿ ಮುಚ್ಚಿ 2022ರ ಜನವರಿಯಲ್ಲಿ ತೆರೆದರು. ದೋಣಿಗಳು ನಿಂತ ಮೇಲೆ ಕಪ್ಪು ರೆಕ್ಕೆತುದಿಯ ಶಾರ್ಕ್‌ಗಳು ಆ ತಗ್ಗು ನೀರಿಗೆ ಮರಳಿ ಬಂದವು. ಈಗಲೂ ವರ್ಷದಲ್ಲಿ ಎರಡು ತಿಂಗಳು ಅದಕ್ಕೆ ರಜೆ. ಆದರೆ ಮುಚ್ಚುವುದೇ ಮದ್ದು ಎನ್ನುವವರು ಉತ್ತರಾಖಂಡದ ಹೂಕಣಿವೆಯನ್ನೂ ನೋಡಬೇಕು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದ ಮೇಲೆ ಕುರಿಗಾಹಿಗಳನ್ನು ಹೊರಗಿಟ್ಟರು. ಆಮೇಲೆ ಪಾಲಿಗೋನಮ್ ಎಂಬ ಎತ್ತರದ ಕಳೆ ಹಬ್ಬಿ ಹೂಗಿಡಗಳ ಜಾಗ ನುಂಗತೊಡಗಿತು. ಅದನ್ನು ಕೀಳುವುದೇ ಇಲಾಖೆಗೆ ಕೆಲಸವಾಯಿತು. ಮೇಯುವಿಕೆ ನಿಂತದ್ದೇ ಇದಕ್ಕೆ ಕಾರಣ ಎನ್ನುವ ತಜ್ಞರಿದ್ದಾರೆ. ತಲೆಮಾರುಗಳಿಂದ ಆ ಜಾಗದಲ್ಲಿ ಓಡಾಡಿದವರ ತಿಳಿವಳಿಕೆಯನ್ನು ಹೊರಹಾಕಿ ಮಾಡುವ ರಕ್ಷಣೆ ಪೂರ್ತಿ ರಕ್ಷಣೆಯಾಗುವುದಿಲ್ಲ.

ಕಟ್ಟುಪಾಡು ನಮಗೆ ಹೊಸದೂ ಅಲ್ಲ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟವನ್ನು ಭಕ್ತರು ಹತ್ತುವುದು ದೀಪಾವಳಿಯ ಹೊತ್ತಿಗೆ ಮಾತ್ರ, ಅದೂ ಬರಿಗಾಲಿನಲ್ಲಿ. ಆಗ ಸಾವಿರಾರು ಜನ ಸೇರುತ್ತಾರೆ. ಉಳಿದಂತೆ ವರ್ಷವಿಡೀ ಬೆಟ್ಟಕ್ಕೆ ವಿಶ್ರಾಂತಿ. ಕೊಡಗಿನ ದೇವರಕಾಡುಗಳಲ್ಲಿ ಕೊಂಬೆ ಮುರಿಯದ ಕಟ್ಟಳೆ ಯಾವ ಇಲಾಖೆಯ ಆದೇಶಕ್ಕಿಂತಲೂ ಹಳೆಯದು. ಆಸ್ಟ್ರೇಲಿಯಾದ ಉಲುರು ಬಂಡೆಯ ಕಥೆ ಇದಕ್ಕೆ ಬಹಳ ಹತ್ತಿರ. 348 ಮೀಟರ್ ಎತ್ತರದ ಆ ಕೆಂಪು ಬಂಡೆ ಅನಂಗು ಜನರಿಗೆ ಪವಿತ್ರ. ಹತ್ತಬೇಡಿ ಎಂದು ಅವರು ದಶಕಗಳ ಕಾಲ ವಿನಂತಿಸುತ್ತಲೇ ಬಂದರು. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದು ನಿಂತಿತು. ಬುಡದಲ್ಲಿ ಸುತ್ತಾಡಿ, ಅನಂಗು ಗೈಡ್‌ಗಳ ಮಾತು ಕೇಳಿ ಬರಲು ಈಗಲೂ ಅಡ್ಡಿಯಿಲ್ಲ. ನೋಡುವುದೆಂದರೆ ತುದಿ ಮೆಟ್ಟಿ ನಿಲ್ಲುವುದು ಎಂಬ ನಮ್ಮ ಹಟವನ್ನು ಉಲುರು ಪ್ರಶ್ನಿಸುತ್ತದೆ.

ಬರಿಯ ನಿಷೇಧದಿಂದ ಆಗದ ಕೆಲಸಗಳೂ ಇವೆ. ಗೋವಾ ಗಡಿಯ ದೂಧಸಾಗರ ಚೆಂದ ಕಾಣುವುದು ಮಳೆಗಾಲದಲ್ಲಿ. ಜೀಪುಗಳು ಓಡುವುದು ಮಳೆ ನಿಂತ ಮೇಲೆ. ರೈಲು ಹಳಿಯ ಮೇಲೆ ನಡೆಯುವಂತಿಲ್ಲ. ಹೀಗಿರುವಾಗ 2023ರ ಜುಲೈಯಲ್ಲಿ ಹಳಿ ಹಿಡಿದು ಹೋದ ಯುವಕರಿಗೆ ರೈಲ್ವೆ ರಕ್ಷಣಾ ಪಡೆಯವರು ಬಸ್ಕಿ ಹೊಡೆಸಿದ ವಿಡಿಯೊ ಎಲ್ಲೆಡೆ ಹರಿದಾಡಿತು. ಹಳಿಯ ಮೇಲೆ ನಡೆಯುವುದು ಅಪಾಯವೇ, ಅದರಲ್ಲಿ ಎರಡು ಮಾತಿಲ್ಲ. ಅದೇ ತಿಂಗಳು ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ರೀಲ್ಸ್ ಮಾಡುತ್ತಿದ್ದ ಯುವಕನೊಬ್ಬ ಕಾಲುಜಾರಿ ಬಿದ್ದು ತೀರಿಕೊಂಡ. ಜಾರುವ ಬಂಡೆಯ ಮುಂದೆ ಗೇಟು ಹಾಕಲೇಬೇಕು. ಆದರೆ ದೂಧಸಾಗರದಂಥ ಕಡೆ ಮಳೆಗಾಲದ ನಾಲ್ಕು ವಾರ ಒಂದು ಪ್ರವಾಸಿ ರೈಲನ್ನು ಬುಕಿಂಗ್ ಮೇಲೆ ಓಡಿಸಿ ಕೆಲವು ನಿಮಿಷ ನಿಲ್ಲಿಸಿದರೆ, ಕದ್ದು ಹೋಗುವವರಲ್ಲಿ ಬಹುಪಾಲು ಜನ ಟಿಕೆಟ್ ಕೊಂಡೇ ಹೋಗುತ್ತಾರೆ.

ಜೋಗದ್ದು ಇದೆಲ್ಲಕ್ಕಿಂತ ಬೇರೆ. ಪ್ರವೇಶ ದರ ಅಲ್ಪ, ಕಟ್ಟುಪಾಡೂ ಹೆಚ್ಚಿಲ್ಲ. ಆದರೂ ನಿರಾಶರಾಗಿ ಬರುವವರು ಅಲ್ಲೇ ಹೆಚ್ಚು. 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಧುಮುಕಬೇಕಾದರೆ ಶರಾವತಿಯಲ್ಲಿ ನೀರಿರಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ನೀರಿನ ಬಹುಪಾಲು ವಿದ್ಯುತ್ತಿಗೆ ಹೋಗುತ್ತದೆ. 1927ರಲ್ಲಿ ಗಾಂಧೀಜಿ ಸಾಗರಕ್ಕೆ ಬಂದಾಗ ಜೋಗ ನೋಡಲು ಹೋಗಲಿಲ್ಲ; ಜೊತೆಗಿದ್ದ ಕಾಕಾ ಕಾಲೇಲ್ಕರ್ ನೀರು ಅಷ್ಟು ಎತ್ತರದಿಂದ ಬೀಳುತ್ತದೆ ಎಂದು ಆಸೆ ಹುಟ್ಟಿಸಿದಾಗ, ಮಳೆ ಅದಕ್ಕಿಂತ ಎತ್ತರದಿಂದ ಬೀಳುವುದಿಲ್ಲವೇ ಎಂದು ಕೇಳಿದರಂತೆ. ಅಂದಿನ ಜೋಗ ಅಣೆಕಟ್ಟು ಕಾಣದ ಜೋಗ. ಇಂದು ಬೇಸಿಗೆಯಲ್ಲಿ ಹೋದವರಿಗೆ ಒದ್ದೆ ಬಂಡೆ ಕಾಣುತ್ತದೆ, ಒಳ್ಳೆಯ ಮಳೆಯ ವರ್ಷ ಆಗಸ್ಟ್‌ನಲ್ಲಿ ಹೋದವರಿಗೆ ಮಾತು ಹೊರಡುವುದಿಲ್ಲ. ಟಿಕೆಟಿನಲ್ಲಿ ಕಾಣದ ಬೆಲೆಯೊಂದು ಅಲ್ಲಿದೆ. ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡು ಕಾಡಿನ ಅಂಚಿಗೆ ಬಂದ ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳಿಗೆ ಇವತ್ತಿಗೂ ಭೂಮಿಯ ಹಕ್ಕುಪತ್ರ ಸಿಕ್ಕಿಲ್ಲ. ಜೋಗಕ್ಕೆ ಹೋದವರು ಇದನ್ನು ತಿಳಿದು ನೋಡಬೇಕು.

ಹಾಗಾದರೆ ಹೋಗಬೇಕೇ? ಮಂಡಿಯಲ್ಲಿ ಶಕ್ತಿಯಿದ್ದು, ಹುಲ್ಲು, ಮಣ್ಣು, ನೀರಿನ ಮೇಲೆ ಕುತೂಹಲವಿದ್ದವರು ಕುಮಾರಪರ್ವತಕ್ಕೂ ಕುದುರೆಮುಖಕ್ಕೂ ಖಂಡಿತ ಹೋಗಬೇಕು. ಚೀಟಿಗೂ ಕಾಯುವಿಕೆಗೂ ಅವು ತಕ್ಕ ಬೆಟ್ಟಗಳು, ಮಿತಿ ಬಂದ ಮೇಲಂತೂ ನೂಕುನುಗ್ಗಲಿಲ್ಲದೆ ನಡೆಯುವ ಭಾಗ್ಯವೂ ಸೇರಿದೆ. ಅಕ್ಟೋಬರಿನಿಂದ ಜನವರಿಯವರೆಗಿನ ಯಾವುದಾದರೂ ಮಂಗಳವಾರವನ್ನೋ ಬುಧವಾರವನ್ನೋ ಆರಿಸಿಕೊಳ್ಳಿ. ಊರಿನ ಗೈಡ್‌ಗೆ ಸಂಬಳದ ಮೇಲೆ ಒಂದಿಷ್ಟು ಕೊಡಿ. ತುದಿಯ ಫೋಟೊ ಒಂದಕ್ಕಾಗಿ ಹೋಗುವವರು ದಯವಿಟ್ಟು ಆ ಚೀಟಿಯನ್ನು ಬೇರೆಯವರಿಗೆ ಬಿಡಿ. ಅರಣ್ಯ ಇಲಾಖೆಗೆ ನನ್ನ ವಿನಂತಿ ಇಷ್ಟು: ದರ ಏರಿಸಬೇಡಿ, ಎಣಿಕೆಯನ್ನು ಸಡಿಲಿಸಬೇಡಿ, ಹೋದ ವರ್ಷ ಈ ದಾರಿಯಲ್ಲಿ ಎಷ್ಟು ಹಣ ಬಂತು, ಅದು ಯಾವ ಕೆಲಸಕ್ಕೆ ಹೋಯಿತು ಎಂಬುದನ್ನು ಪ್ರತಿ ಗೇಟಿನ ಫಲಕದಲ್ಲಿ ಕನ್ನಡದಲ್ಲಿ ಬರೆಸಿ.